ಮೂರು ಪಾವು ಅಕ್ಕಿ ಬೇಯುವಷ್ಟು ಹೊತ್ತು

ಊದಿನಕಡ್ಡಿ ಬದಲಿಸಲು ಬಗ್ಗಿದ ಮಸುನೊ ಹಾಗೇ ನಿಂತುಬಿಟ್ಟಳು. ಶವಪೆಟ್ಟಿಗೆಯ ಮುಂದೆ ತೀರಿಹೋದ ತಮೆಜೊನದೇ ಬಟ್ಟಲು, ಅದರಲ್ಲಿ ಗೋಪುರದ ಹಾಗೆ ಒತ್ತಿಟ್ಟ ಅನ್ನ, ನೆತ್ತಿಗೆ ನೆಟ್ಟಗೆ ಚುಚ್ಚಿದ ಎರಡು ಊಟದ ಕಡ್ಡಿ. ಎಲ್ಲ ಸರಿಯೇ. ಆದರೆ ಎರಡು ದಿನಕ್ಕೆ ಒಣಗಿ ಬಿರಿದ ಆ ಅನ್ನದೊಳಗಿಂದ ಹಸಿರು ಬಟಾಣಿಯೊಂದು ಇಣುಕುತ್ತಿತ್ತು.

"ಕಿನುಯೆ," ಎಂದಳು ಪಕ್ಕದ ಮನೆಯ ಆ ಮುದುಕಿ, ದನಿ ತಗ್ಗಿಸಿ. "ಇದು ಯಾವ ಅನ್ನ ಕಣೇ?"

ಕಿನುಯೆ, ಗಂಡ ತಮೆಜೊನ ಜೊತೆ ಪೆಟ್ಟಿಗೆಯಲ್ಲಿ ಇಡಬೇಕಾದ ಹುಲ್ಲಿನ ಚಪ್ಪಲಿಗೆ ದಾರ ಬಿಗಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಅನ್ನ."

"ಅನ್ನ ಅಂತ ನಂಗೂ ಕಾಣತ್ತೆ. ಅವನ ಉಸಿರು ಹೋದ್ಮೇಲೆ ಇಟ್ಟಿದ್ದೋ, ಮೊದಲೇ ಇದ್ದಿದ್ದೋ?"

"ಇದ್ದಿದ್ದು. ಕಾಳು ಆರಿಸಿ ತೆಗೆದಿದ್ದೆ. ಒಂದು ಉಳ್ಕೊಂಡಿದೆ."

ಮಸುನೊ ಕುಕ್ಕುರುಗಾಲಲ್ಲಿ ಕೂತಳು. ಆ ಕಣಿವೆಯಲ್ಲಿ ಯಾರದಾದರೂ ಉಸಿರು ನಿಂತರೆ ಅಳುವುದಕ್ಕೂ ಮೊದಲು ಒಲೆ ಹಚ್ಚುತ್ತಾರೆ. ಮೂರು ಪಾವು ಅಕ್ಕಿ ಬೇಯುವಷ್ಟು ಹೊತ್ತಿನಲ್ಲಿ, ಹೋದವರು ಶಿಕಿಮಿ ಎಂಬ ಪೂಜೆಯ ಗಿಡದ ಟೊಂಗೆ ಹಿಡಿದು ಹಳೇ ಯಾತ್ರೆಯ ದಾರಿಯಲ್ಲಿ ಘಟ್ಟ ಹತ್ತಿ, ಮ್ಯೋಹೋ ಬೆಟ್ಟದ ಗುಡಿ ಮುಟ್ಟಿ, ಗಂಟೆಯನ್ನು ಒಂದೇ ಸಲ ಬಾರಿಸಿ ತಮ್ಮ ಪಾಡಿಗೆ ಹೋಗಬೇಕು. ಅಕ್ಕಿ ಇಡದಿದ್ದರೆ? ಹಾಗೆ ಯಾರೂ ಮಾಡಿದ್ದಿಲ್ಲ. ಆದ್ದರಿಂದ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಸತ್ತವನ ತಮ್ಮ ಸೆನ್‌ಸಾಕು ಹೊಳೆದಂಡೆಯ ಬಿಸಿನೀರಿನ ಬುಗ್ಗೆಯಿಂದ ಗೆಡ್ಡೆಯ ಬುಟ್ಟಿ ಹೊತ್ತು ಬಂದ. ಬುಟ್ಟಿಯಿಂದ ಗಂಧಕದ ವಾಸನೆಯ ಹಬೆ ಏಳುತ್ತಿತ್ತು.

"ಅತ್ತಿಗೆ, ಊಟಕ್ಕೆ ಗೆಡ್ಡೆ ಬೆಂದಿದೆ ನೋಡು. ಅರ್ಧ ಗಂಟೇಲಿ ಬೆಣ್ಣೆ ಆಗೋಗಿದೆ. ಅಣ್ಣ ಅದೇ ನೀರಲ್ಲಿ ಮೀಯ್ತಾ ಎಂಬತ್ತೊಂದು ವರ್ಷ ಬೆಂದ. ಮೆತ್ತಗಾಗಲೇ ಇಲ್ಲ."

"ನೀನು ಬೇಯದೇನೇ ಕೊಳೆತೆ, ಸುಮ್ನಿರು," ಎಂದಳು ಮಸುನೊ. ಸೆನ್‌ಸಾಕು ನಕ್ಕ. ನಗು ಮುಗಿಯುವ ಮೊದಲೇ ಕಣ್ಣು ಒರೆಸಿಕೊಂಡ.

ಅಂಗಳದಲ್ಲಿ ಕಿರುಗಂಟೆಯ ಸದ್ದಾಯಿತು. ಚೀಲಕ್ಕೆ ಗಂಟೆ ಕಟ್ಟಿಕೊಂಡ ಯಾತ್ರಿಕಳೊಬ್ಬಳು, ನಡುವಯಸ್ಸಿನವಳು, ಮೊಣಕಾಲವರೆಗೆ ಕೆಸರು. ನೀರು ಕೇಳಲು ಬಂದವಳು ಬಾಗಿಲಿಗೆ ಕಟ್ಟಿದ್ದ ಕಪ್ಪು ಬಿಳಿ ಬಟ್ಟೆ ಕಂಡು ಹಿಂದಕ್ಕೆ ಸರಿದಳು.

"ತಪ್ಪಾಯ್ತು. ಗೊತ್ತಾಗ್ಲಿಲ್ಲ."

"ಬಾಯಾರಿಕೆಗೆ ಸೂತಕ ಇಲ್ಲ, ಬಾರಮ್ಮ," ಎಂದು ಕಿನುಯೆ ತಾನೇ ಎದ್ದು ಚಹಾ ಕೊಟ್ಟಳು. "ಘಟ್ಟದ ಮೇಲಿಂದಲಾ?"

"ಹೂಂ. ಬೆಳಗ್ಗೆ ಆ ಕಡೆಯಿಂದ ಹತ್ತಿದೆ. ದಾರಿ ಎಷ್ಟು ಚೆನ್ನಾಗಿ ಇಟ್ಟಿದೀರಿ, ಒಂದು ಕಲ್ಲೂ ಅಲ್ಲಾಡಲ್ಲ. ಇವತ್ತೂ ಯಾರೋ ಮೆಟ್ಟಿಲು ಸರಿಮಾಡ್ತಾ ಇದ್ರು. ಟಕ್ ಟಕ್ ಅಂತ ಸುತ್ತಿಗೆ ಸದ್ದು. ಮಾತಾಡಿಸೋಣ ಅಂತ ನಾನು ಇಳಿದಷ್ಟೂ ಅದು ಮುಂದಿನ ತಿರುವಲ್ಲೇ. ಮನುಷ್ಯರು ಮಾತ್ರ ಕಾಣ್ಲಿಲ್ಲ."

ಆ ಘಟ್ಟದಲ್ಲಿ ಕಲ್ಲು ಕೂರಿಸುತ್ತಿದ್ದವನು ಒಬ್ಬನೇ. ಅವನು ಈಗ ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದ. ಯಾತ್ರಿಕಳು ಲೋಟ ಎರಡು ಕೈಯಲ್ಲಿ ಒಪ್ಪಿಸಿ, ಬಾಗಿ ವಂದಿಸಿ ಹೊರಟುಹೋದಳು. ಅವಳ ಗಂಟೆಯ ಸದ್ದು ಹೊಳೆಯ ಸದ್ದಿನಲ್ಲಿ ಕರಗುವವರೆಗೂ ಕಿನುಯೆ ಹೊಸ್ತಿಲಲ್ಲೇ ನಿಂತಿದ್ದಳು.

* * *

ನಲವತ್ತಾರು ವರ್ಷದ ಹಿಂದೆ, ಮಳೆಗೆ ರಸ್ತೆ ಕುಸಿದ ವಾರ, ಅವರ ಎಂಟು ವರ್ಷದ ಮಗಳು ಫುಕಿಗೆ ಜ್ವರ ನೆತ್ತಿಗೇರಿತ್ತು. ತಮೆಜೊ ಔಷಧಿ ತರಲು ಕಾಲ್ದಾರಿಯಲ್ಲೇ ಘಟ್ಟದಾಚೆಗೆ ಹೋದ. ಮಾರನೇ ದಿನ ಮಧ್ಯಾಹ್ನ, ಅವನು ಬರುವ ಮೊದಲೇ ಮಗು ಹೋಯಿತು. ಕಿನುಯೆ ಒಬ್ಬಳೇ ಒಲೆ ಹಚ್ಚಿದಳು. ಸಿಕ್ಕಿದ ಒಣ ದೇವದಾರು ಸೌದೆಯನ್ನೆಲ್ಲ ಒಳಗೆ ತುರುಕಿದಳು. ಅನ್ನ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೆಂದು ತಳ ಹಿಡಿಯಿತು.

ಸಂಜೆ ತಮೆಜೊ ಬಂದಾಗ ಅವಳು ಏನೂ ಹೇಳಬೇಕಾಗಿರಲಿಲ್ಲ. ಔಷಧಿಯ ಪೊಟ್ಟಣವನ್ನು ಅವನು ಆಗಲೇ ಎಲ್ಲೋ ಬಿಸಾಡಿದ್ದ.

"ಮೇಲೆ ಸಿಕ್ಕಿದ್ಲು," ಎಂದ. "ಬಿಳೀ ಬಟ್ಟೆ. ಕೈಯಲ್ಲಿ ಟೊಂಗೆ."

ಸತ್ತವರು ಘಟ್ಟದಲ್ಲಿ ಎದುರಾದರೆ ಮಾತಾಡಿಸಬಾರದು, ದಾರಿ ಬಿಟ್ಟು ಪಕ್ಕಕ್ಕೆ ಸರಿದು ನೆಲ ನೋಡಬೇಕು. ಅವನಜ್ಜ ಹೇಳಿದ್ದ, ಎಲ್ಲರ ಅಜ್ಜಂದಿರೂ ಹೇಳಿದ್ದರು. ತಮೆಜೊ ಸರಿದು ನಿಂತಿದ್ದ. ನೆಲ ನೋಡಿದ್ದ.

"ಓಡ್ತಾ ಇದ್ಲು, ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ. ನನ್ನ ಮುಂದೇನೇ ಒಂದು ಕಲ್ಲು ಅಲ್ಲಾಡ್ತು. ಮುಗ್ಗರಿಸಿದ್ಲು. ನಾನು ಕೈ ಕೊಡ್ಲಿಲ್ಲ, ಕಿನುಯೆ."

ಒಲೆಯೊಳಗಿನ ಕೆಂಡ ಇನ್ನೂ ಕೆಂಪಗಿತ್ತು. ಮಗು ಯಾಕೆ ಓಡುತ್ತಿತ್ತು ಎಂದು ಕಿನುಯೆ ಅವನಿಗೆ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಹತ್ತು ದಿನ ಕಳೆದ ಮೇಲೆ ಅವನು ಸುತ್ತಿಗೆ, ಹಾರೆ ಹೊತ್ತು ಬೆಟ್ಟ ಹತ್ತಿದ. ಹತ್ತುತ್ತಲೇ ಇದ್ದ.

* * *

ಕಿನುಯೆ ಅಕ್ಕಿ ಡಬ್ಬಿ ತೆಗೆದು ಮೂರು ಪಾವು ಅಳೆದಳು.

"ಈಗಲಾ?" ಎಂದ ಸೆನ್‌ಸಾಕು. "ಒಂದು ಗಂಟೆಗೆ ಗಾಡಿ ಬರತ್ತೆ ಅತ್ತಿಗೆ. ಚಿತಾಗಾರದವರು ಹೊತ್ತು ಗೊತ್ತುಮಾಡಿದಾರೆ."

"ಬರ್ಲಿ. ಕಾಯ್ಲಿ."

"ಕರೆಂಟಿನ ಕುಕ್ಕರಲ್ಲಾದ್ರೂ ಇಡು, ಬೇಗ ಆಗತ್ತೆ."

"ಅದು ನನ್ನ ಮಾತು ಕೇಳಲ್ಲ ಸೆನ್‌ಸಾಕು. ತನಗೆ ಬೇಕಾದಾಗ ಟಿಕ್ ಅಂತ ಆರ್ಕೊಳತ್ತೆ."

ಹಿತ್ತಲಿನ ಹಳೇ ಮಣ್ಣೊಲೆಯ ಮೇಲೆ ಕಬ್ಬಿಣದ ಪಾತ್ರೆ ಕೂತಿತು. ಮಸುನೊ ಸೌದೆ ತಂದು ಪಕ್ಕದಲ್ಲಿ ಕೂತಳು. "ಅಕ್ಕಿ ಇಡದೇ ಇದ್ದಿದ್ದು ಮರೆತಲ್ಲ, ಅಲ್ವಾ?"

"ಅಲ್ಲ," ಎಂದಳು ಕಿನುಯೆ. "ಅವತ್ತು ಸ್ನಾನ ಮುಗಿಸ್ಕೊಂಡು ಬಂದು, ಬಟಾಣಿ ಅನ್ನ ಎತ್ತಿಡು, ಆಮೇಲೆ ತಿಂತೀನಿ ಅಂತ ಮಲಗಿದ್ರು. ನೋಡಿದ್ರೆ ಹೋಗಿಬಿಟ್ಟಿದಾರೆ. ಮುಖದಲ್ಲಿ ಎಂಥಾ ಅವಸರ ಗೊತ್ತಾ? ಫುಕೀನ ಕೊನೇಗೆ ನೋಡಿದ್ದೂ ಅವರೇ. ಈಗ ಮೊದಲು ನೋಡೋದೂ ಅವರೇ. ನಂಗೆ ಹೊಟ್ಟೆ ಉರೀತು ಮಸುನೊ. ಎರಡು ದಿನ ಇಲ್ಲೇ ಬಿದ್ದಿರ್ಲಿ ಅಂತ."

ಮಸುನೊ ಗೆಳತಿಯ ಬೆನ್ನ ಮೇಲೆ ಕೈ ಇಟ್ಟಳು.

ಮಂತ್ರ ಓದಲು ಬಂದ ಸ್ವಾಮಿಗಳು ಮೂವತ್ತು ದಾಟದ ಹುಡುಗ. ಸೆನ್‌ಸಾಕು ಅವರನ್ನು ನೇರವಾಗಿ ಹಿತ್ತಲಿಗೇ ಕರೆತಂದ, ಅತ್ತಿಗೆಗೆ ಬುದ್ಧಿ ಹೇಳಲಿ ಎಂದು. ಸ್ವಾಮಿಗಳು ಒಲೆ ನೋಡಿದರು, ಪಾತ್ರೆ ನೋಡಿದರು, ಕಿನುಯೆಯ ಮುಖ ನೋಡಿದರು.

"ನಮ್ಮ ಪುಸ್ತಕದಲ್ಲಿ ಅಕ್ಕಿ ವಿಷಯ ಏನೂ ಬರ್ದಿಲ್ಲ," ಎಂದರು. "ನಮ್ಮಜ್ಜಿ ಮಾತ್ರ ಇಡ್ತಿದ್ರು. ನಾನು ನಿಧಾನವಾಗಿ ಓದ್ತೀನಿ ಅಮ್ಮ."

ಒಳಗೆ ಮಂತ್ರ ಶುರುವಾಯಿತು. ಉರಿ ಪಾತ್ರೆಯ ತಳ ನೆಕ್ಕುತ್ತಿತ್ತು. ಕಿನುಯೆ ಮನಸ್ಸಿನಲ್ಲೇ ದಾರಿ ಎಣಿಸಿದಳು. ಸೊಂಟ ಮುರಿಯುವ ಏರು, ಕಲ್ಲು ದೇವರು, ನೀರಿನ ಒರತೆ, ಕಡಲು ಕಾಣುವ ತಿರುವು. ಅಲ್ಲಿಯೇ ಫುಕಿ ಮುಗ್ಗರಿಸಿದ್ದು. ಅನ್ನ ಕುದಿಯಿತು. ಹಬೆ ಮರದ ಮುಚ್ಚಳವನ್ನು ಎತ್ತಿ ಎತ್ತಿ ಕೆಡವತೊಡಗಿತು. ಟಕ್. ಟಕ್. ಟಕ್.

ಕಿನುಯೆ ಬೆಟ್ಟದ ಕಡೆ ತಿರುಗಿದಳು. ಮಂಜಲ್ಲದೆ ಬೇರೇನೂ ಕಾಣಲಿಲ್ಲ.

ರಸ್ತೆಯಲ್ಲಿ ಗಾಡಿ ಬಂದು ನಿಂತಿತು. ಮಂತ್ರವೂ ಮುಗಿಯುತ್ತ ಬಂದಿತ್ತು. ಸೆನ್‌ಸಾಕು ಬಾಗಿಲಿಗೆ ಬಂದು, ಕೈಗಡಿಯಾರ ನೋಡಿಕೊಂಡು ಒಳಗೆ ಹೋದ.

"ಹಬೆ ಜೋರಾಗಿದೆ ಕಣೇ," ಎಂದಳು ಮಸುನೊ. "ಇನ್ನೊಂದು ಸೌದೆ ಹಾಕಿದ್ರೆ ಆಗೇಹೋಗತ್ತೆ. ಹಾಕ್ಲಾ?"

"ಬೇಡ. ಅವರ ಮೊಣಕಾಲು ನಿಂಗೆ ಗೊತ್ತಲ್ಲ."

"ಎಂಬತ್ತೊಂದರ ಮೊಣಕಾಲಿಗೂ ಇಷ್ಟು ಹೊತ್ತು ಸಾಕು."

"ಮಗು ಸಿಕ್ಕಿರತ್ತೆ," ಎಂದಳು ಕಿನುಯೆ.

ಅವಳು ಬರಿಗೈಯನ್ನೇ ಒಲೆಯೊಳಗೆ ಹಾಕಿ, ಉರಿಯುತ್ತಿದ್ದ ದೊಡ್ಡ ಸೌದೆಯನ್ನು ಹೊರಗೆಳೆದು ಬೂದಿಯಲ್ಲಿ ಹೊರಳಿಸಿದಳು. ಉರಿ ತಗ್ಗಿತು. ಮುಚ್ಚಳದ ಸದ್ದೂ ತಗ್ಗಿತು. ಟಕ್ ಎಂದು ಒಮ್ಮೆ, ಬಹಳ ಹೊತ್ತು ಬಿಟ್ಟು ಇನ್ನೊಮ್ಮೆ. ಒಂದೊಂದು ಮೆಟ್ಟಿಲಿಗೂ ನಿಂತು, ಹಿಂದೆ ಬರುವ ಪುಟ್ಟ ಕಾಲಿಗಾಗಿ ಕಾದು, ಮತ್ತೆ ಹತ್ತುವವರ ಹಾಗೆ.