ಕಸದ ಕೆರೆಯ ಮಣ್ಣು

ಟಿಕ್. ಅಯಸ್ಕಾಂತ ಪಿಂಗಾಣಿ ಬಟ್ಟಲಿನ ಅಂಚಿಗೆ ತಗುಲಿತು. ನಡುರಾತ್ರಿ. ಪಕ್ಕದ ಕೋಣೆಯಲ್ಲಿ ಅಪ್ಪನ ದೇಹ. ಅಡುಗೆಮನೆಯಲ್ಲಿ ಮಗಳು ಉಸಿರು ಬಿಗಿಹಿಡಿದು ಮಣ್ಣುನೀರಿನಲ್ಲಿ ಅಯಸ್ಕಾಂತ ಆಡಿಸುತ್ತಿದ್ದಳು.

ಅದು ಅದಿರು ತೊಳೆದ ಕೊಳೆ ಬಿಡುವ, ಕಾರ್ಖಾನೆಯ ಕಸದ ಕೆರೆಯ ಮಣ್ಣು. ಅದರ ತುಂಬ ಕಬ್ಬಿಣವಿದೆ ಎಂದು, ತಾನು ಕೆಲಸ ಮಾಡುವ ಕಾರ್ಖಾನೆಯ ಲ್ಯಾಬಿನಲ್ಲಿ ತಾನೇ ಮಾಡಿದ ಪರೀಕ್ಷೆ ಹೇಳಿದರೂ ನಂಬದೆ, ಒಂದಿಷ್ಟು ಮನೆಗೆ ತಂದಿದ್ದಳು. ಈಗ ಅಯಸ್ಕಾಂತಕ್ಕೆ ಕಪ್ಪು ಪುಡಿ ಮುಳ್ಳಿನಂತೆ ಎದ್ದು ನಿಂತಿತ್ತು. ಅವಳ ಕೈ ಅಲ್ಲೇ ನಿಂತದ್ದು ಅದಕ್ಕಲ್ಲ. ಆ ಸದ್ದು ಅವಳಿಗೆ ಗೊತ್ತಿತ್ತು.

*

ಚಿಕ್ಕಂದಿನಲ್ಲಿ ನಿದ್ದೆಗಣ್ಣಲ್ಲಿ ಕೇಳಿದ ಸದ್ದು. ಅಪ್ಪ ಅದಿರು ತೊಳೆಯುವ ಯಂತ್ರ ನಡೆಸುತ್ತಿದ್ದ. ನುಣ್ಣಗೆ ಅರೆದ ಅದಿರಿನ ಕೆಸರು ಅಯಸ್ಕಾಂತದ ಉರುಳೆಗೆ ತಾಗಿ ಹರಿಯುತ್ತದೆ. ಕಬ್ಬಿಣ ಅಂಟಿಕೊಳ್ಳುತ್ತದೆ, ಮರಳು ಕೆರೆ ಸೇರುತ್ತದೆ. ನೀರು ಜೋರು ಬಿಟ್ಟಷ್ಟೂ ಅದಿರು ಶುದ್ಧ. ಅತಿಯಾದರೆ ಕಬ್ಬಿಣವೂ ಕೊಚ್ಚಿಹೋಗುತ್ತದೆ. ಅಪ್ಪನ ಪಾಳಿಯಷ್ಟು ಶುದ್ಧ ಅದಿರು ಇನ್ಯಾರದೂ ಇರಲಿಲ್ಲ.

"ಏನ್ ಮಾಡ್ತಿದ್ದೀಯಪ್ಪ?" ಒಂದು ರಾತ್ರಿ ಆ ಸದ್ದಿಗೆ ಎದ್ದು ಬಂದವಳು, ಬಟ್ಟಲಿನಲ್ಲಿ ಅಯಸ್ಕಾಂತ ಆಡಿಸುತ್ತಿದ್ದ ಅಪ್ಪನನ್ನು ಕೇಳಿದ್ದಳು.

"ಕಸದ ಮಾದರಿ ಮರಿ. ಬೆಳಿಗ್ಗೆ ಲ್ಯಾಬಿಗೆ ಕೊಡ್ಬೇಕು. ಸ್ವಲ್ಪ ಚೊಕ್ಕ ಮಾಡ್ತಿದ್ದೀನಿ. ಮಲ್ಕೋ ಹೋಗು."

ಕಸದಲ್ಲಿ ಕಬ್ಬಿಣವಿಲ್ಲ ಎಂದಿತು ಲ್ಯಾಬು. ಹಾಗಾದರೆ ಕಾರ್ಖಾನೆಯ ಲೆಕ್ಕದಲ್ಲಿ ಕಡಿಮೆ ಬಿದ್ದ ಕಬ್ಬಿಣ ಹೋಯಿತೆಲ್ಲಿ? ಲಾರಿ ತೂಗುವವನ ತಲೆಗೆ ಕಟ್ಟಿದರು. ಕಳ್ಳನೆಂದು ಹೊರಗೆ ಹಾಕಿದರು. ಅವಳು ತೂಕದ ಮಾಮ ಎಂದು ಕರೆಯುತ್ತಿದ್ದ ಅವನು ಆಮೇಲೆ ಪಂಕ್ಚರ್ ಅಂಗಡಿ ಹಾಕಿಕೊಂಡ. ಅಪ್ಪ ಹಾಸಿಗೆ ಹಿಡಿದಾಗ ನೋಡಲು ಬರುತ್ತಿದ್ದ. ಅವನು ಬಂದಾಗಲೆಲ್ಲ ಅಪ್ಪ ಗೋಡೆಯ ಕಡೆ ಹೊರಳುತ್ತಿದ್ದ.

*

ಬೆಳಿಗ್ಗೆ ಅಂಗಳದ ತುಂಬ ಕಾರ್ಖಾನೆಯವರು.

"ಅಲ್ಲಿ ಹೋದ್ರೂ ಸುಮ್ನಿರ್ತಾನಾ? ಈ ನೀರು ಸಾಲ್ದು, ಇನ್ನೂ ಬಿಡ್ರೋ ಅಂತಾನೆ," ಎಂದ ಕಲ್ಲು ಒಡೆಯುವ ಯಂತ್ರದವನು. ಕಣ್ಣೊರೆಸಿಕೊಂಡು, ಬಾಗಿಲಲ್ಲಿ ನಿಂತಿದ್ದ ತೂಕದ ಮಾಮನತ್ತ ತಿರುಗಿದ. "ನೀನೂ ಹೆಗಲು ಕೊಡ್ತೀಯಾ? ನಾವು ಜೇಬು ನೋಡ್ಕೋಬೇಕಪ್ಪ ಹಂಗಾದ್ರೆ."

ಒಂದಿಬ್ಬರು ನಕ್ಕರು. ಮಾಮ ತಲೆ ತಗ್ಗಿಸಿದ.

ಮ್ಯಾನೇಜರ್ ಅವಳ ಹತ್ತಿರ ಬಂದು ದನಿ ತಗ್ಗಿಸಿದರು. "ಹೊಸ ಘಟಕಕ್ಕೆ ನಿಮ್ಮ ತಂದೆ ಹೆಸರೇ ಇಡೋಣ ಅಂತಿದ್ದೀವಮ್ಮ. ಈಗ ಕೇಳಬಾರದು, ಆದ್ರೂ... ಆ ಕೆರೆ ಮಣ್ಣಲ್ಲಿ ಏನಾದ್ರೂ ಸಿಕ್ತಾ?"

ಅವಳು ಮಾಮನನ್ನು ನೋಡಿದಳು. ಕಳ್ಳನೆಂಬ ಹೆಸರು ಅಳಿಸಲು ಒಂದು ಮಾತು ಸಾಕಿತ್ತು. ಬಾಯಿ ತೆರೆದಳು.

"ಅವ್ರ ಹೆಸರಾ?" ಎಂದಳು ಪಕ್ಕದಲ್ಲಿದ್ದ ಅಮ್ಮ. ನಿನ್ನೆಯಿಂದ ಬಗ್ಗಿಯೇ ಇದ್ದ ತಲೆ ಈಗ ಮೇಲೆದ್ದಿತ್ತು. ಮಗಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಏನೂ ಇಲ್ಲ ಸರ್," ಎಂದಳು ಮಗಳು. "ಬರೀ ಮರಳು."

ಚಟ್ಟ ಎತ್ತುವ ಹೊತ್ತಾಯಿತು. ಮುಂದಿನ ಹೆಗಲಿಗೆ ಅವಳೇ ಹೋದಳು. ಬೆನ್ನ ಹಿಂದೆ ಮಾಮನ ದನಿ.

"ಈಚೆ ಸರಿಯಮ್ಮ, ನಿಂಗೆ ಭಾರ ಆಗುತ್ತೆ. ನಾನಿದ್ದೀನಲ್ಲ."

ಈ ಜನ್ಮದಲ್ಲಿ ಯಾರಿಗೂ ಹೇಳುವುದಿಲ್ಲ ಎಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು. ಜಾಗ ಬಿಟ್ಟಳು. ಮಾಮ ಅಪ್ಪನ ಭಾರವನ್ನು ಕತ್ತಿನ ಹತ್ತಿರಕ್ಕೆ ಸರಿಸಿಕೊಂಡು ಹೆಜ್ಜೆ ಹಾಕಿದ. ಅವನ ಮುಖ ಕಾಣಿಸದಷ್ಟು ಹಿಂದಕ್ಕೆ ಸರಿದು ಅವಳು ನಡೆದಳು.