ಚಾಂದನಿಯ ಹಾಲು

ಸುಂಕದಕಟ್ಟೆಯಲ್ಲಿ ಬಸ್ಸಿಳಿದ ದಸ್ತಗೀರ್ ಬಿಸಿ ಹಾಲಿನ ಕ್ಯಾನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಓಡಿದ. ವೆಂಕಟಸ್ವಾಮಿಯವರನ್ನು ಎತ್ತುವ ಮೊದಲೇ ಅವರ ಬಾಯಿಗೆ ಈ ಹಾಲು ಒಂದು ತೊಟ್ಟಾದರೂ ಬೀಳಬೇಕು. ಅದು ಅವನು ಕೊಟ್ಟ ಮಾತು.

ಮನೆ ಮುಂದೆ ಚಟ್ಟ ಸಿದ್ಧವಾಗಿತ್ತು. ಎಪ್ಪತ್ತೆಂಟರ ಜೀವ, ಉಂಡು ಮಲಗಿದವರು ಏಳಲಿಲ್ಲ. ಪುಣ್ಯವಂತರ ಸಾವು ಎನ್ನುತ್ತ ಜನ ಅವರ ತಮಾಷೆಗಳನ್ನೇ ನೆನೆಯುತ್ತಿದ್ದರು. ಒಬ್ಬೊಬ್ಬರಾಗಿ ತುಳಸಿದಳದಲ್ಲಿ ಬಾಯಿಗೆ ಹಾಲು ಬಿಡುತ್ತಿದ್ದರು.

*

ಕೊರೊನಾ ಕಾಲ ಅದು. ಒಂಟೆಯಿಂದಲೂ ಅಂಥದೊಂದು ರೋಗ ಬರುತ್ತದಂತೆ ಎಂದು ಯಾರೋ ಮೊಬೈಲಿನಲ್ಲಿ ಓದಿದ್ದೇ ತಡ, ದಸ್ತಗೀರನ ಸವಾರಿ ಒಂಟೆ ಚಾಂದನಿಯ ಮೇಲೆ ಮಕ್ಕಳನ್ನು ಕೂರಿಸುವವರೇ ಇಲ್ಲವಾದರು. ಅವನಿದ್ದ ಬ್ಯಾಡರಹಳ್ಳಿಯಿಂದಲೇ ಒಂಟೆಯನ್ನು ಓಡಿಸಬೇಕೆಂದು ಗಲಾಟೆಯಾಯಿತು. ಪರೀಕ್ಷೆಗೆ ಡಾಕ್ಟರ್ ಬಂದರು, ಜತೆಗೆ ವೆಂಕಟಸ್ವಾಮಿ. ಪಶುವೈದ್ಯಕೀಯ ಲ್ಯಾಬಿನ ಅಟೆಂಡರ್ ಕೆಲಸದಿಂದ ನಿವೃತ್ತರಾಗಿದ್ದರೂ, ಒಂಟೆಯ ಮೂಗಿನಾಳಕ್ಕೆ ಹತ್ತಿಕಡ್ಡಿ ಇಳಿಸಲು ಅವರೇ ಬೇಕು. ಚಾಂದನಿ ಅವರ ಮುಖಕ್ಕೇ ಉಗಿದಳು. ಅವರು ಮುಖಗವಸಿನೊಳಗೇ ನಕ್ಕು, ಕನ್ನಡಕ ಒರೆಸಿಕೊಂಡು, ಮತ್ತೊಂದು ಕಡ್ಡಿ ಹಾಕಿದರು.

ವಾರದ ಮೇಲೆ ವರದಿ ಬಂತು: ವೈರಸ್ ಇಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ವೆಂಕಟಸ್ವಾಮಿ ತಮ್ಮ ಮೊಮ್ಮಗಳು ಧನ್ಯಶ್ರೀಯನ್ನು ಕರೆತಂದು, ಎಲ್ಲರೆದುರು ಚಾಂದನಿಯ ಮೇಲೆ ಕೂರಿಸಿದರು. ಇಳಿಸಿದ ಮೇಲೆ ಸೋಪು ಹಾಕಿ ಕೈ ತೊಳೆಸಿದರು. ಮರುವಾರ ಮಕ್ಕಳು ಸಾಲುಗಟ್ಟಿದರು.

ದಸ್ತಗೀರನಿಗೆ ಕಣ್ಣು ತುಂಬಿತು. ಚಾಂದನಿಯ ಹಾಲನ್ನು ಅಲ್ಲೇ ಕರೆದು, ನೊರೆ ಸಮೇತ ಲೋಟ ಹಿಡಿದ. ಅಪ್ಪನ ಕಾಲದಿಂದ ಅವನ ಮನೆಯಲ್ಲಿ ಕುಡಿಯುತ್ತಿದ್ದದ್ದೇ ಹಾಗೆ, ಹಸಿಯಾಗಿ.

ವೆಂಕಟಸ್ವಾಮಿ ಲೋಟ ಮುಟ್ಟಲಿಲ್ಲ. "ವೈರಸ್ಸು ಇವತ್ತು ಇಲ್ಲ ಅಂದ್ರೆ ನಾಳೆ ಬರಲ್ಲ ಅಂತಲ್ಲ ಕಣಯ್ಯ. ಹಸಿ ಹಾಲು ನೀನೂ ಕುಡೀಬೇಡ. ಕಾಯ್ಸಿ ತಗೊಂಡ್ ಬಾ, ಕುಡೀತೀನಿ."

ಇವತ್ತು ನಾಳೆ ಎನ್ನುವಷ್ಟರಲ್ಲಿ ಚಾಂದನಿಯ ಹಾಲು ಬತ್ತಿತು. ಮುಂದಿನ ಮರಿ ಹಾಕಿದಾಗ ಖಂಡಿತ ತರುತ್ತೇನೆಂದ. ಆ ಮರಿ ಹುಟ್ಟಿದ್ದು ಹೋದ ತಿಂಗಳು. ಈ ಭಾನುವಾರ ಕೊಡೋಣ ಎಂದುಕೊಂಡಿದ್ದ ಪೆದ್ದ.

*

ಕ್ಯಾನ್ ಕಂಡು ವೆಂಕಟಸ್ವಾಮಿಯವರ ತಮ್ಮ ಪುರುಷೋತ್ತಮ ಅಡ್ಡ ನಿಂತರು. ಒಂಟೆ ಹಾಲು, ಅದರಲ್ಲೂ ಆ ರೋಗದ ಮಾತು. ನೂರು ಜನ ನೂರು ಹೇಳುತ್ತಾರೆ, ಬೇಡ ಎಂದರು. ದಸ್ತಗೀರ್ ಚಟ್ಟದ ಕಡೆ ನೋಡಿದ. ಇನ್ನೇನು ಎತ್ತಿಬಿಡುತ್ತಾರೆ.

ಗಂಡನ ತಲೆದೆಸೆಯಲ್ಲಿ ಕೂತಿದ್ದ ಲಕ್ಷ್ಮಿದೇವಮ್ಮ ಮುಖವೆತ್ತಿ ಒಂದೇ ಮಾತು ಕೇಳಿದರು.

"ಕಾಯ್ಸಿದ್ದೀಯೇನಪ್ಪಾ?"

"ಮೂರು ಸಲ ಉಕ್ಕು ಬರಿಸಿದೀನಿ, ಅಮ್ಮಾ."

"ಹಂಗಾದ್ರೆ ಸೋಪ್ ಹಾಕಿ ಕೈ ತೊಳ್ಕೊಂಡ್ ಬಾ. ಇಲ್ದಿದ್ರೆ ಅವರು ಕುಡಿಯಲ್ಲ."

ಯಾರೋ ನಕ್ಕರು. ಆಮೇಲೆ ಲಕ್ಷ್ಮಿದೇವಮ್ಮನೂ ಅಳುತ್ತಲೇ ನಕ್ಕರು. ದಸ್ತಗೀರ್ ನಲ್ಲಿಯ ಹತ್ತಿರ ಮೊಣಕೈವರೆಗೂ ನೊರೆ ಬರಿಸಿ ತಿಕ್ಕಿದ. ಅಷ್ಟು ಹೊತ್ತೂ ಚಟ್ಟ ಕಾಯಿತು. ಟವೆಲ್ ಕೊಟ್ಟವರು ಪುರುಷೋತ್ತಮರೇ.

ತುಳಸಿದಳದಿಂದ ಜಾರಿದ ಹಾಲಿನಲ್ಲಿ ಅರ್ಧ ತುಟಿಯೊಳಗೆ ಹೋಯಿತು, ಅರ್ಧ ಬಿಳಿ ಮೀಸೆಯಲ್ಲಿ ನಿಂತಿತು. ಒರೆಸಲು ಬಂದವರ ಕೈಯನ್ನು ಲಕ್ಷ್ಮಿದೇವಮ್ಮ ತಡೆದರು. ಹಾಲಿನ ಮೀಸೆಯೊಂದಿಗೇ ಅವರನ್ನು ಎತ್ತಿಕೊಂಡು ಹೊರಟರು.