ಕುಣಿಯಲ್ಲಿ ಕೂತವಳು

"ಅದನ್ನ ಅಲ್ಲೇ ಜಗಲಿ ಮೇಲೆ ಇಡು ಮಾವ. ಈಗ್ಲೇ ಒಳಗೆ ತರಬೇಡ," ಎಂದು ವಿನುತಾ ಬಾಗಿಲಿಗೆ ಅಡ್ಡ ನಿಂತಳು.

ರಿಕ್ಷಾ ಇಳಿದು ಅಂಗಳ ದಾಟಿ ಬಂದಿದ್ದ ಹುಲಿಯಾ ಒಂದು ಕಾಲನ್ನು ಹೊಸ್ತಿಲಿನ ಮೇಲಿಟ್ಟವನು ಹಾಗೇ ನಿಂತ. ಕೈಯಲ್ಲಿದ್ದ ಚೀಲದೊಳಗೆ ತಂಗಿಯ ಹೆಣಕ್ಕೆಂದು ತಂದ ಹೊಸ ಸೀರೆಯಿತ್ತು. ಸದಾಶಿವಗಡದಿಂದ ಬೆಳಿಗ್ಗೆಯೇ ಸೇತುವೆ ದಾಟಿ, ಕಾರವಾರದಲ್ಲಿ ಅಂಗಡಿಯವನು ಬಾಗಿಲು ತೆಗೆಯುವುದನ್ನೇ ಕಾದು ಕೊಂಡ ಸೀರೆ.

"ಎಂತಕೆ ತರಬಾರ್ದು? ಹೆಣಕ್ಕೆ ತವರಿನ ಸೀರೆ ಬೇಡ್ವಾ?"

"ಬೇಡ ಅಂತ ಯಾರು ಹೇಳ್ದ್ರು? ನೀ ತಂದದ್ದನ್ನ ಉಡಿಸುವಾ. ಆದ್ರೆ ಎಲ್ಲದಕ್ಕಿಂತ ಮೇಲೆ ಅವ್ವ ನೆಯ್ದ ಬಟ್ಟೆ ಬರ್ಬೇಕು. ಅದು ಇನ್ನೂ ಮಗ್ಗದ ಮೇಲೇ ಇದೆ. ಕೊಯ್ದು ತರಬೇಕು. ಆ ಮಗ್ಗದ ಶೆಡ್ಡಿನಲ್ಲಿ ನೇಕಾರರು ಸತ್ರೆ ಹಾಗೇ ಮಾಡೂದು."

"ನೇಕಾರರು ಸತ್ರೆ!" ಹುಲಿಯಾನ ದನಿ ಏರಿತು. "ನನ್ನ ತಂಗಿ ಯಾವಾಗ ನೇಕಾರ್ತಿ ಆದ್ಲೆ? ನಮ್ಮ ಅಪ್ಪ ದೋಣಿಯವ, ಅವಳ ಗಂಡ ದೋಣಿಯವ. ಮೇಲೆ ಬೀಳೂದು ತವರಿನ ಬಟ್ಟೆ. ಆ ಕುಣಿಯ ಬಟ್ಟೆ ಹಾಕಿದ್ರೆ ನಾ ಹೆಗಲು ಕೊಡೂದಿಲ್ಲ. ಈಗಲೇ ಹೇಳ್ತೆ."

ಅಂಗಳದಲ್ಲಿ ಕುಳಿತಿದ್ದವರು ಇತ್ತ ತಿರುಗಿದರು. ಪಕ್ಕದ ಮನೆಯ ಮಾದೇವಿ ಸೆರಗಿನಿಂದ ಮೂಗು ಒರೆಸಿಕೊಂಡು, "ಕೊಡ್ದಿದ್ರೆ ಬಿಡು ಹುಲಿಯಣ್ಣ. ನಿನ್ನ ಹೆಗಲ ಮೇಲೆ ಈಗ ಟವೆಲ್ಲೂ ನಿಲ್ಲೂದಿಲ್ಲ," ಎಂದಳು. ಅವಳೂ ತೀರಿಹೋದ ದುರ್ಗಾಳೂ ಜೀವಮಾನವಿಡೀ ಒಂದೇ ಬಾವಿಯ ನೀರು ಸೇದಿದವರು. ಸಾವಿನ ಮನೆಯಲ್ಲಿ ನಗಬಾರದೆಂದು ಯಾರೋ ಕೆಮ್ಮಿದರು.

ಹುಲಿಯಾ ನಗಲಿಲ್ಲ. ಒಳಗೆ, ಚಾಪೆಯ ಮೇಲೆ ದುರ್ಗಾ ಮಲಗಿದ್ದಳು. ನಿನ್ನೆ ಸಂಜೆ ಶೆಡ್ಡಿನಿಂದ ಬಂದು, "ಸ್ವಲ್ಪ ಒರಗ್ತೆ, ಚಾ ಆಮೇಲೆ ಮಾಡು," ಎಂದವಳು ಮತ್ತೆ ಕಣ್ಣು ತೆರೆದಿರಲಿಲ್ಲ. ವಿನುತಾ ಅಂಕೋಲೆಯ ಅಂಚೆ ಕಚೇರಿಯಲ್ಲಿ ಕೆಲಸದವಳು, ಒಬ್ಬಳೇ ಮಗಳು. ದುರ್ಗಾಳಿಗೆ ತವರೆಂದು ಉಳಿದಿದ್ದವನು ಈ ಅಣ್ಣನೊಬ್ಬನೇ. ಅವನ ಹೆಂಡತಿ ತೀರಿಹೋಗಿದ್ದಳು, ಸೊಸೆಯಂದಿರು ಗೋವೆಯಲ್ಲಿ. ಅವನು ಹೆಗಲು ಕೊಡದೆ ಅವ್ವ ಹೋಗುವುದು ವಿನುತಾಳಿಗೆ ಬೇಡವಾಗಿತ್ತು. ಆ ಬಟ್ಟೆಯಿಲ್ಲದೆ ಹೋಗುವುದಂತೂ ಬೇಡವೇ ಬೇಡ.

*

ದುರ್ಗಾ ಶೆಡ್ಡಿಗೆ ಹೋಗಲು ಶುರುಮಾಡಿದ್ದು ಗಂಡ ಕಾಮಾಲೆಯಲ್ಲಿ ಹೋದ ಮೇಲೆ. ಅಂಕೋಲೆಯ ದಾರಿಯಲ್ಲಿ ನೇಕಾರರ ಸಂಘವೊಂದಿತ್ತು. ಉದ್ದನೆಯ ಹಂಚಿನ ಶೆಡ್ಡು, ಒಳಗೆ ಸಾಲಾಗಿ ಮಗ್ಗಗಳು. ಎಲ್ಲವೂ ನೆಲದಲ್ಲಿ ಗುಂಡಿ ತೋಡಿ ಕೂರಿಸಿದವು. ನೆಯ್ಯುವವರು ನೆಲದಂಚಿಗೆ ಕೂತು ಎರಡೂ ಕಾಲು ಗುಂಡಿಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಘಟ್ಟದ ಮೇಲಿನಿಂದ ಬಂದಿದ್ದ ಮುದಿ ಮೇಸ್ತ್ರಿ ಅದನ್ನು ಕುಣಿಮಗ್ಗ ಎನ್ನುತ್ತಿದ್ದ. ಅದೇ ಹೆಸರು ನಿಂತಿತು.

ಹೆಂಗಸರಿಗೆ ಅಲ್ಲಿ ಕೊಡುತ್ತಿದ್ದ ಕೆಲಸ ಒಂದೇ, ಗೋಡೆಗೆ ಒರಗಿ ಕೂತು ಲಾಳಿಗೆ ಹಾಕುವ ನೂಲನ್ನು ಕಂಡಿಕೆಗೆ ಸುತ್ತುವುದು. ದುರ್ಗಾ ಸುತ್ತಿದಳು. ಸುತ್ತುತ್ತ ಮಗ್ಗಗಳನ್ನೇ ನೋಡಿದಳು. ಒಂದು ದಿನ ನೇಕಾರನೊಬ್ಬ ಜ್ವರವೆಂದು ಬರದೆ ಹೋದಾಗ ಯಾರನ್ನೂ ಕೇಳದೆ ಹೋಗಿ ಅವನ ಜಾಗದಲ್ಲಿ ಕೂತುಬಿಟ್ಟಳು.

ನೆಯ್ದಳು ಕೂಡ. ಆದರೆ ಎಳೆ ಹರಿದಾಗಲೆಲ್ಲ ಅವಳ ಬೆರಳು ಹುಟ್ಟಿದಾಗಿನಿಂದ ಬಲ್ಲ ಗಂಟನ್ನೇ ಹಾಕಿತು, ಬಲೆಯ ಗಂಟು. ಮೀನು ಎಷ್ಟು ಒದ್ದರೂ ಬಿಚ್ಚದ್ದು. ಆ ಗಂಟು ಬಾಚಣಿಗೆಯಂಥ ಫಣಿಯ ಹಲ್ಲಿನ ಸಂದಿಯಲ್ಲಿ ತೂರಲಾರದೆ ಸಿಕ್ಕಿ, ಪಕ್ಕದ ನಾಲ್ಕು ಎಳೆಗಳನ್ನೂ ಹರಿದುಹಾಕಿತು. ಅವನ್ನೂ ಅದೇ ಗಂಟಿನಿಂದ ಕಟ್ಟಿದಳು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ಬಂದು ನೋಡಿದ. ಬಟ್ಟೆಯ ತುಂಬ ಸಿಡುಬು ಎದ್ದಂತೆ ಗುಳ್ಳೆ.

"ಏನಬೇ ಇದು? ಬಟ್ಟಿನೋ ಬಲಿನೋ?"

"ಬಲೆನೇ ಅಂತ ಇಟ್ಕೊಳ್ಳಿ ಒಡೆಯಾ. ಹರಿಯೂದಿಲ್ಲ," ಎಂದಳು ದುರ್ಗಾ.

ಶೆಡ್ಡಿಗೆ ಶೆಡ್ಡೇ ನಕ್ಕಿತು. ಮೇಸ್ತ್ರಿಯೂ ನಕ್ಕ. ನಕ್ಕು, ಪಕ್ಕದಲ್ಲಿ ಕೂತು ನೇಕಾರರ ಗಂಟು ತೋರಿಸಿದ. ಸಾಸಿವೆಗಿಂತ ಸಣ್ಣದು, ಬೆರಳು ಸವರಿದರೂ ತಿಳಿಯದ್ದು. ಅದನ್ನು ಕಲಿಯುವುದಕ್ಕಿಂತ ಹಳೆಯದನ್ನು ಮರೆಯುವುದೇ ಅವಳಿಗೆ ಕಷ್ಟವಾಯಿತು. ಮನೆಯಲ್ಲಿ ಮಗಳ ಜಡೆಗೆ ಟೇಪು ಕಟ್ಟುವಾಗ ನೇಕಾರರ ಗಂಟು ಹಾಕುವಳು, ಅದು ಶಾಲೆಯ ದಾರಿಯಲ್ಲೇ ಬಿಚ್ಚಿಹೋಗುವುದು. ಮಗ್ಗದಲ್ಲಿ ಕೂತಾಗ ಬಲೆಯ ಗಂಟು ಬರುವುದು. "ಈ ಕೈಗೆ ಎರಡು ಗಂಡಂದಿರು," ಎಂದು ತನ್ನ ಕೈಗೆ ತಾನೇ ಹೊಡೆದುಕೊಳ್ಳುವಳು. ಕೊನೆಗೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೈ ಬುದ್ಧಿ ಕಲಿಯಿತು. ಮೇಸ್ತ್ರಿ ಮಗ್ಗವನ್ನು ಅವಳ ಹೆಸರಿಗೇ ಬಿಟ್ಟ.

ಆಗ ಹುಲಿಯಾ ಬಂದದ್ದು. ಶೆಡ್ಡಿನ ಬಾಗಿಲಲ್ಲಿ ನಿಂತು, ತಂಗಿ ಸೊಂಟದವರೆಗೆ ನೆಲದೊಳಗೆ ಇಳಿದಂತೆ ಕೂತಿದ್ದನ್ನು ಕಂಡ. ಕುಣಿಯೆಂದರೆ ಅವನಿಗೆ ಗೊತ್ತಿದ್ದದ್ದು ಹೆಣ ಹೂಳುವ ಗುಂಡಿಯೊಂದೇ.

"ಜೀವ ಇರುವಾಗಲೇ ಕುಣಿಯೊಳಗೆ ಕೂತ್ಯಲ್ಲೆ," ಎಂದ, ಎಲ್ಲರಿಗೂ ಕೇಳುವಂತೆ. "ಇನ್ನು ನೀ ಸತ್ತ ಹಾಗೇ ಲೆಕ್ಕ."

"ಸತ್ತವರಿಗೆ ಸಂಜೆ ಹಸಿವಾಗೂದಿಲ್ಲ ಅಣ್ಣ. ನಂಗೆ ಆಗ್ತದೆ," ಎಂದಳು ದುರ್ಗಾ. ಅವಳ ಲಾಳಿ ನಿಲ್ಲಲಿಲ್ಲ.

ಆಮೇಲೆ ಮದುವೆ ಮುಂಜಿಗೆ ಬಂದು ಹೋದನೇ ಹೊರತು ಹುಲಿಯಾ ಆ ಶೆಡ್ಡಿನ ಕಡೆ ತಲೆಹಾಕಲಿಲ್ಲ.

*

"ಬಸ್ಸು ಅರಬೈಲು ಘಟ್ಟ ಇಳಿದಾಗಿದೆಯಂತೆ," ಎಂದು ಮಂಗೇಶ ಸ್ಕೂಟರ್ ನಿಲ್ಲಿಸುತ್ತಲೇ ಹೇಳಿದ. ತೋಡೂರಿನ ಅವನು ಈಗ ಶೆಡ್ಡಿನ ಉಸ್ತುವಾರಿ. "ನಿಲ್ಸೂಕೆ ಆಗ್ಲಿಲ್ಲ ವಿನುತಾ. ಘಟ್ಟದ ಮೇಲಿನ ನೇಕಾರ ಹೆಂಗಸರು, ಬರ್ತೇವೆ ಅಂತ ಮೊದಲೇ ಹೇಳಿಟ್ಟಿದ್ರು. ಇವತ್ತು ಬಾಗಿಲು ಹಾಕಿದೆ ಅಂತ ಹೇಳಿ ಕಳಿಸ್ತೆ, ಏನ್ ಮಾಡೂದು."

ಸಂಘ ಮುಳುಗಿ, ಮಗ್ಗಗಳು ಒಂದೊಂದಾಗಿ ನಿಂತ ಮೇಲೆ ಆ ಶೆಡ್ಡನ್ನು ಪ್ರವಾಸಿಗರು ನೋಡುವ ಜಾಗವನ್ನಾಗಿ ಮಾಡಿದ್ದರು. ಗೋಕರ್ಣಕ್ಕೋ ಗೋವೆಗೋ ಹೋಗುವವರು ಹೆದ್ದಾರಿಯಲ್ಲಿ 'ಮಗ್ಗದ ಮನೆ' ಎಂಬ ಬೋರ್ಡು ಕಂಡು ಇಳಿಯುತ್ತಿದ್ದರು. ಹಿಂದೆ ಈ ದಡದಿಂದ ಬಟ್ಟೆ ಹಡಗು ಹತ್ತಿ ಹೋಗುತ್ತಿದ್ದುದರ ಚಿತ್ರ, ಬಣ್ಣದ ಕಡಾಯಿ, ನೂಲು ತೂಗುವ ತಕ್ಕಡಿ, ತುಕ್ಕು ಒರೆಸಿ ಎಣ್ಣೆ ಹಚ್ಚಿದ ನೂಲು ಸುತ್ತುವ ಯಂತ್ರ. ಮಗ್ಗದಲ್ಲಿ ಕೂರಿಸಲು ರುಮಾಲು ಸುತ್ತಿದ, ಮೀಸೆಯ ನೇಕಾರನ ಗೊಂಬೆಯೊಂದನ್ನೂ ಮಾಡಿಸಿ ತಂದಿದ್ದರು. ಬಾಗಿಲು ತೆರೆಯುವ ಸಮಾರಂಭದ ದಿನ ದುರ್ಗಾ ಎಲ್ಲರಿಗಿಂತ ಮೊದಲು ಹೋಗಿ, ಗೊಂಬೆಯನ್ನು ಕಂಕುಳಲ್ಲಿ ಎತ್ತಿ ಹೊರಗಿಟ್ಟು, ತಾನೇ ಕೂತಳು. "ನಾ ಇನ್ನೂ ಇದ್ದೇನಲ್ಲ ಮಾರಾಯ್ರೆ, ಇವ ಯಾಕೆ?" ಗೊಂಬೆ ಅಂದಿನಿಂದ ಗೇಟಿನ ಹತ್ತಿರ ನಿಂತಿತು. ಜನ ಚಪ್ಪಲಿಯನ್ನು ಅದರ ಕಾಲಬುಡದಲ್ಲಿ ಬಿಡುತ್ತಿದ್ದರು.

ವಿನುತಾ ಹುಲಿಯಾನ ಕಡೆ ತಿರುಗಿದಳು. ಅವನು ಜಗಲಿಯ ತುದಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಮಾವ, ಒಂದು ಮಾತು ನಡೆಸ್ಕೊಡು. ಒಂದ್ಸಲ ಬಂದು ಆ ಬಟ್ಟೆ ನೋಡು. ನೋಡಿದ ಮೇಲೂ ಬೇಡ ಅಂದ್ರೆ ನಾ ಕೊಯ್ಯೂದಿಲ್ಲ. ನಿನ್ನ ಸೀರೆನೇ ಮೇಲೆ ಹಾಕುವಾ. ಅವ್ವನಾಣೆ."

"ನೋಡೂಕೆ ಎಂತದಿದೆ?"

"ಹೆದ್ರಿಕೆ ಆಗ್ತದಾ ಹುಲಿಯಣ್ಣ?" ಎಂದಳು ಮಾದೇವಿ. "ನೀ ಹೋಗಿ ಬಾ. ದುರ್ಗಾನ ಹತ್ರ ನಾ ಕೂತಿರ್ತೆ. ಇವತ್ತು ಓಡಿಹೋಗೂದಿಲ್ಲ ಇವಳು."

ಹುಲಿಯಾ ಎದ್ದ.

ಅವರು ಶೆಡ್ಡು ತಲುಪುವಾಗ ಬಸ್ಸು ಬಂದಾಗಿತ್ತು. ಹೆಂಗಸರು ಒಳಗೇ ಹೋಗಿದ್ದರು. ಕಾವಲಿನವ ಬಾಗಿಲು ತೆಗೆದು ವಿಷಯ ಹೇಳಿದ್ದಿರಬೇಕು. ಕಡಾಯಿಯನ್ನಾಗಲಿ ಹಡಗಿನ ಚಿತ್ರವನ್ನಾಗಲಿ ನೋಡದೆ ಎಲ್ಲರೂ ದುರ್ಗಾಳ ಮಗ್ಗದ ಸುತ್ತ ನಿಂತಿದ್ದರು. ದೊಡ್ಡ ಮೂಗುಬೊಟ್ಟಿನ ಮುದುಕಿಯೊಬ್ಬಳು ಬಗ್ಗಿ, ನೆಯ್ದ ಬಟ್ಟೆಯ ಅಡಿಯಲ್ಲಿ ಅಂಗೈ ಹಾಯಿಸುತ್ತಿದ್ದಳು. ಕಡುನೀಲಿ ಮೈ, ಬಿಳಿಯ ಸಣ್ಣ ಅಂಚು.

"ಯಾರ ಕೈರೀ ಇದು?" ಎಂದಳು ತಲೆ ಎತ್ತದೆ. "ಒಂದ ಗಂಟರೆ ಕೈಗಿ ಹತ್ತವಲ್ದು. ಅಂಚ ನೋಡ್ರಿ, ದಾರಾ ಹಿಡದ ಎಳದಂಗ ಬಂದೈತಿ. ನಾ ಹುಟ್ಟಿದ್ದ ಮಗ್ಗದ ಮನ್ಯಾಗ. ನನ್ನ ಅಂಚ ಇವತ್ತಿಗೂ ಹಿಂಗ ಬರಂಗಿಲ್ಲ." ಆಮೇಲೆ ಕತ್ತೆತ್ತಿ ಹುಲಿಯಾನನ್ನು ನೋಡಿದಳು. "ನೀವ ಅವರ ಕಡಿಯವರೇನ್ರಿ? ಯಾವ ನೇಕಾರ ಮನೆತನದ್ದಪಾ ಈ ಕೈ?"

ಮಂಗೇಶ ಉತ್ತರ ಕೊಡಲು ಬಾಯಿ ತೆರೆದ. ವಿನುತಾ ಅವನ ತೋಳು ಮುಟ್ಟಿ ತಡೆದಳು.

ಹುಲಿಯಾ ಬಟ್ಟೆಯನ್ನು ನೋಡಿದ. ಬಗ್ಗಿ, ಆ ಹೆಂಗಸು ಮಾಡಿದಂತೆಯೇ ಬಲೆಯ ಹುರಿ ಎಳೆದೆಳೆದು ಒರಟಾದ ತನ್ನ ಅಂಗೈಯನ್ನು ಅದರ ಅಡಿಗೆ ತೂರಿಸಿದ. ಬಹಳ ಹೊತ್ತು ಹುಡುಕಿದ. ಎಲ್ಲೂ ಒಂದು ಗಂಟೂ ಸಿಗಲಿಲ್ಲ.

"ನೇಕಾರರದ್ದಲ್ಲ," ಎಂದ ಕೊನೆಗೆ. "ದೋಣಿ ಮನೆಯ ಕೈ. ನಮ್ಮನೆದು. ನನ್ನ ತಂಗಿ."

ಮುದುಕಿ ಎರಡೂ ಕೈ ಜೋಡಿಸಿದಳು, ಮಗ್ಗಕ್ಕೋ ಅವನಿಗೋ ತಿಳಿಯದಂತೆ.

"ಕೊಯ್ಯೂಕೆ ಒಬ್ರು ಒಳಗೆ ಕೂತು ಬಟ್ಟೆ ಸುತ್ತಿದ ದಿಂಡು ಹಿಡೀಬೇಕು," ಎಂದ ಮಂಗೇಶ ಮೆಲ್ಲಗೆ. "ನಾನೇ ಕೂತ್ಕೊಳ್ತೆ."

"ಬೇಡ. ಸರಿ ಆಚೆ."

ಹುಲಿಯಾ ಅಂಗಿಯ ತೋಳು ಮಡಚಿ, ನೆಲಕ್ಕೆ ಕೈಯೂರಿ, ಒಂದೊಂದೇ ಕಾಲನ್ನು ಕುಣಿಗೆ ಇಳಿಸಿದ. ಕೆಳಗಿನ ಹಲಗೆಗಳು ನಡುವೆ ಸವೆದು ತಗ್ಗಾಗಿದ್ದವು. ಅವನ ಅಗಲ ಹಿಮ್ಮಡಿಗಳಿಗೆ ಆ ತಗ್ಗು ಚಿಕ್ಕದಾಯಿತು. ದಿಂಡನ್ನು ಎದೆಗೆ ಒತ್ತಿ ಹಿಡಿದುಕೊಂಡು, "ಕೊಯ್ಯೆ ಮಗಾ," ಎಂದ. ವಿನುತಾ ಕತ್ತರಿ ಹಾಕಿದಳು. ಮಗ್ಗದಲ್ಲಿ ಉಳಿದ ಎಳೆಗಳು ಸಡಿಲಾಗದಂತೆ ಮುದುಕಿಯೂ ಅವಳ ಜೊತೆಯವರೂ ಹಿಡಿಹಿಡಿಯಾಗಿ ಹಿಡಿದು ಕಟ್ಟಿದರು. ಮುಂದೆ ಯಾರಾದರೂ ಕೂತರೆ ಹೊಸ ನೂಲನ್ನು ಅವಕ್ಕೇ ಹೊಸೆಯಬಹುದು.

*

ತವರಿನ ಸೀರೆ ಉಡಿಸಿ, ಅದರ ಮೇಲೆ ನೀಲಿ ಬಟ್ಟೆ ಹೊದಿಸಿ ಚಟ್ಟ ಎತ್ತಿದರು. ಮುಂದಿನ ಬಲಗಡೆಗೆ ಹುಲಿಯಾ ಹೆಗಲು ಕೊಟ್ಟ. ಟವೆಲ್ಲು ಜಾರಿತು, ಮಾದೇವಿ ಹೆಕ್ಕಿ ಮತ್ತೆ ಅವನ ಹೆಗಲಿಗೆ ಹಾಕಿದಳು. ಅಂದು ಆ ಕೇರಿಯ ದೋಣಿಗಳಾವುವೂ ನೀರಿಗೆ ಇಳಿದಿರಲಿಲ್ಲ.

ಮರಳಿನ ದಾರಿ ಸಮುದ್ರದ ಕಡೆ ತಿರುಗುವಲ್ಲಿ ಚಟ್ಟ ಇಳಿಸುವುದು ರೂಢಿ. ಅಲ್ಲಿಂದ ಮುಂದೆ ಹೆಂಗಸರು ಹೋಗುವುದಿಲ್ಲ. ತವರಿನ ಹೆಂಗಸರು ಮೊದಲು ಬಂದು ಹೋಗುವವಳ ಬಾಯಿಗೆ ಅಕ್ಕಿ ಕಾಳು ಹಾಕಬೇಕು, ಉಳಿದವರು ಆಮೇಲೆ.

"ತವರಿನ ಹೆಂಗಸರು ಯಾರಿದ್ದೀರಿ? ಬನ್ನಿ ಮುಂದೆ," ಎಂದು ಹಿರಿಯನೊಬ್ಬ ಅಕ್ಕಿಯ ಹರಿವಾಣ ಹಿಡಿದು ಕರೆದ.

ಯಾರೂ ಬರಲಿಲ್ಲ. ಹುಲಿಯಾ ಒಬ್ಬನೇ ಬಂದಿದ್ದಾನೆಂಬುದು ಎಲ್ಲರಿಗೂ ಆಗ ಹೊಳೆಯಿತು. ಮಾದೇವಿ ಕಣ್ಣು ತಗ್ಗಿಸಿದಳು.

ಹುಲಿಯಾ ಹಿಂದೆ ತಿರುಗಿ ನೋಡಿದ. ಮೀನುಗಾರ ಹೆಂಗಸರೆಲ್ಲರ ಹಿಂದೆ, ಬಸ್ಸಿನಿಂದ ಇಳಿದು ಬಂದ ಆ ಹೆಂಗಸರು ನಿಂತಿದ್ದರು. ಮರಳಿನಲ್ಲಿ ನಡೆದು ರೂಢಿಯಿಲ್ಲದೆ ಒಬ್ಬರ ತೋಳು ಒಬ್ಬರು ಹಿಡಿದುಕೊಂಡಿದ್ದರು.

"ಅದೋ, ಅಲ್ಲಿದ್ದಾರೆ," ಎಂದ ಹುಲಿಯಾ. "ದಾರಿ ಬಿಡ್ರೇ ಅವರಿಗೆ."

ಮುದುಕಿ ಮುಂದೆ ಬಂದು ಮಂಡಿಯೂರಿದಳು. ಹರಿವಾಣದಿಂದ ಅಕ್ಕಿ ತೆಗೆದುಕೊಂಡವಳು ಕೈಯನ್ನು ಹಾಗೇ ತಡೆದಳು. ಬಟ್ಟೆಯ ಅಂಚಿನಲ್ಲಿ ಕತ್ತರಿ ತಪ್ಪಿಸಿಕೊಂಡ ಎಳೆಯೊಂದು ಗಾಳಿಗೆ ಹಾರಾಡುತ್ತಿತ್ತು. ಅವಳು ಬಗ್ಗಿ, ಮಾರಾಟಕ್ಕೆ ಹೊರಟ ಬಟ್ಟೆಗೆ ಮಾಡುವಂತೆ, ಅದನ್ನು ಹಲ್ಲಿನಿಂದ ಕಚ್ಚಿ ತೆಗೆದು, ಅಂಚನ್ನು ಅಂಗೈಯಿಂದ ಒಮ್ಮೆ ನೀವಿ, ಆಮೇಲೆ ಅಕ್ಕಿ ಹಾಕಿದಳು.